ಕಟ್ಟಿಸಿದ ಹಲ್ಲು, ಊದುವ ತುತ್ತೂರಿ

ಹದಿನಾಲ್ಕನೇ ನಂಬರಿನ ಬಸ್ಸಿನ ಡ್ರೈವರನ್ನು ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತುತ್ತೂರಿ ಅಂದರೆ ಸಾಕು, ತಿರುಗಿ ನೋಡುತ್ತಿದ್ದ. ಹೊಸದಾಗಿ ಸೇರಿದವರು, ಹಾರನ್ನು ಜಾಸ್ತಿ ಹೊಡೆಯುತ್ತಾನೆ ಅಂತ ಈ ಹೆಸರು ಬಿದ್ದಿರಬೇಕು ಅಂದುಕೊಂಡಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ. ತನ್ನ ತುತ್ತೂರಿ ತಾನೇ ಊದಿಕೊಳ್ಳುವ ಜಾಯಮಾನ ಅವನದಲ್ಲ.

ನಿಜ ಸಂಗತಿ ಏನೆಂದರೆ, ಮೂವತ್ತೊಂದು ವರ್ಷದ ಹಿಂದೆ, ಇನ್ನೂ ಸ್ಟಿಯರಿಂಗು ಹಿಡಿಯುವ ಮುಂಚೆ, ಅವನು ಒಂದು ನಾಟಕದಲ್ಲಿ ಮದುಮಗನಾಗಿ ಟ್ರಂಪೆಟ್ ಊದಿದ್ದ. ನಾಟಕದ ಹೆಸರು ‘ಬಾಜಾ ಬಾರದ ಮದುವೆ’. ಹೊಳೆಯ ಆ ದಡದ ಹುಡುಗಿ, ಈ ದಡದ ಹುಡುಗ. ಮದುವೆಯ ದಿನ ಗೊತ್ತು ಮಾಡಿದ್ದ ಬ್ಯಾಂಡಿನವರು ಕೈಕೊಡುತ್ತಾರೆ. ತಪ್ಪು ಯಾರದು ಅಂತ ಬೀಗರ ನಡುವೆ ಜಗಳ ಹತ್ತಿಕೊಳ್ಳುತ್ತದೆ. ಕೊನೆಗೆ ನೆಂಟರೇ ಅಟ್ಟದಲ್ಲಿದ್ದ, ಗೋಡೆಗೆ ತೂಗಿಹಾಕಿದ್ದ ವಾದ್ಯಗಳನ್ನು ಇಳಿಸಿ ನುಡಿಸತೊಡಗುತ್ತಾರೆ. ಹಾಗಾಗಿ ಈ ನಾಟಕಕ್ಕೆ ವಾದ್ಯದವರು ಅಂತ ಬೇರೆ ಇಲ್ಲ. ಪಾರ್ಟು ಮಾಡುವವರೇ ಮಾತಾಡಬೇಕು, ಹಾಡಬೇಕು, ನುಡಿಸಬೇಕು. ಕೊನೆಯ ಹಾಡಿನಲ್ಲಿ ಮದುಮಗ ರಂಗದ ಮೇಲೆ ಕಟ್ಟಿದ ಹೊಳೆಯ ಸೇತುವೆ ಏರಿ ಟ್ರಂಪೆಟ್ಟಿನಲ್ಲಿ ಒಂದು ಎತ್ತರದ ಸ್ವರ ಹಿಡಿದು ನಿಲ್ಲುತ್ತಾನೆ. ಆ ಸ್ವರ ಕೇಳಲೆಂದೇ ಎರಡೆರಡು ಸಲ ನಾಟಕಕ್ಕೆ ಬಂದವರಿದ್ದರು. ಆಮೇಲೆ ನಾಟಕದ ಮನೆ ಟಯರಿನ ಗೋದಾಮಾಯಿತು, ತಂಡ ಚೆದುರಿತು, ಟ್ರಂಪೆಟ್ಟು ಬೀರುವಿನ ತಲೆಯ ಮೇಲೆ ಹೋಗಿ ಕೂತಿತು.

ಒಂದು ಮಂಗಳವಾರ ಮಧ್ಯಾಹ್ನ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೂ ಒಬ್ಬ ಹೆಂಗಸು ಸೀಟಿನಲ್ಲೇ ಉಳಿದಳು. ಮೂವತ್ತೈದರ ಆಸುಪಾಸು, ಕಂಕುಳಲ್ಲಿ ದಪ್ಪನೆಯ ಫೈಲು. ಅಂದು ನಾಟಕ ಕಟ್ಟಿದ್ದ ಮೇಷ್ಟರ ಮಗಳು ಅಂತ ಹೇಳಿಕೊಂಡಳು.

“ಅಂಕಲ್, ಆ ನಾಟಕ ಮತ್ತೆ ಆಡಿಸ್ತಾ ಇದೀನಿ. ಗೋದಾಮು ಖಾಲಿ ಮಾಡಿಸಿದೀವಿ. ಮದುಮಗನಿಗೆ ಹೊಸ ಹುಡುಗ ಸಿಕ್ಕಿದಾನೆ, ಪಿಟೀಲು ಚೆನ್ನಾಗಿ ಬಾರಿಸ್ತಾನೆ. ನೀವು ಅವನ ಅಪ್ಪ ಆಗಬೇಕು. ಆ ಕೊನೇ ಸ್ವರ ಮಾತ್ರ ನಿಮ್ಮದೇ. ಅದನ್ನ ಬೇರೆಯವರ ಕೈಗೆ ಕೊಡೋ ಧೈರ್ಯ ನನಗಿಲ್ಲ.”

ಅವನು ಎಡಗೈಯಿಂದ ಬಾಯಿ ಒರೆಸಿಕೊಂಡಂತೆ ಮಾಡಿ ಮುಚ್ಚಿಕೊಂಡ. ಎರಡು ವರ್ಷದ ಹಿಂದೆ ವಸಡು ಕೊಳೆತು ಮೇಲಿನ ಹಲ್ಲುಗಳನ್ನೆಲ್ಲ ಕೀಳಿಸಿ, ಸೆಟ್ಟು ಕಟ್ಟಿಸಿಕೊಂಡಿದ್ದ. ಟ್ರಂಪೆಟ್ ಊದುವವನಿಗೆ ಮುಂದಿನ ಹಲ್ಲೆಂದರೆ ಮನೆಗೆ ತಳಪಾಯ ಇದ್ದ ಹಾಗೆ. ಅದನ್ನು ಹೇಳಬೇಕಿತ್ತು. ಆದರೆ ಬಾಯಿಂದ ಬಂದದ್ದು, “ಯಾವಾಗಿಂದ ಬರಬೇಕಮ್ಮ?”

ಮನೆಯಲ್ಲಿ ಹೆಂಡತಿ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಅಂದಿನ ನಾಟಕಕ್ಕೆ ಬಟ್ಟೆ ಹೊಲಿದವಳೂ ಅವಳೇ. ಅವರಿಬ್ಬರ ಪರಿಚಯವಾದದ್ದು ಮದುಮಗನ ಅಂಗಿಯ ಅಳತೆ ತೆಗೆಯುವಾಗ. ವಿಷಯ ಕೇಳಿ ಕತ್ತರಿ ಕೆಳಗಿಟ್ಟಳು.

“ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಅವಳಿಗೆ ಹೇಳಿದ್ರಾ?”

“ಹೇಳ್ತೀನಿ ಬಿಡು, ಏನು ಅವಸರ.”

“ಅವಸರ ನನಗಲ್ಲ, ನಿಮ್ಮ ಸೆಟ್ಟಿಗೆ,” ಅಂದು ಅವಳು ಸ್ಟೂಲು ಹತ್ತಿ ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿಕೊಟ್ಟಳು.

ಅವನು ಡಿಪೋದ ಮೂಲೆಯಲ್ಲಿ ನಿಲ್ಲಿಸಿದ ಖಾಲಿ ಬಸ್ಸಿನಲ್ಲಿ, ಕಿಟಕಿಗಳನ್ನೆಲ್ಲ ಮುಚ್ಚಿ, ಹಿಂದಿನ ಸೀಟಿನಲ್ಲಿ ಕೂತು ಊದತೊಡಗಿದ. ಮೊದಲ ದಿನ ಬರೀ ಗಾಳಿ. ಎರಡನೇ ದಿನ ಎಮ್ಮೆ ಕರು ಕೂಗಿದ ಹಾಗೆ ಏನೋ ಒಂದು ಬಂತು. ಜೋರಾಗಿ ಒತ್ತಿದರೆ ಸೆಟ್ಟು ಹಿಂದಕ್ಕೆ ಜಾರುತ್ತದೆ, ಮೆಲ್ಲಗೆ ಒತ್ತಿದರೆ ತುಟಿಯ ಪಕ್ಕದಿಂದ ಗಾಳಿ ಸೋರುತ್ತದೆ. ಔಷಧಿ ಅಂಗಡಿಯಿಂದ ಸೆಟ್ಟಿಗೆ ಹಚ್ಚುವ ಅಂಟು ತಂದ. ದಪ್ಪಗೆ ಬಳಿದುಕೊಂಡಾಗ ಹತ್ತು ನಿಮಿಷ ಪರವಾಗಿಲ್ಲ ಅನ್ನಿಸುತ್ತಿತ್ತು. ಹತ್ತು ನಿಮಿಷದಲ್ಲಿ ಎಷ್ಟು ನಾಟಕ ಮುಗಿಯುತ್ತದೆ?

ತಾಲೀಮು ಶುರುವಾಯಿತು. ಗೋದಾಮಿನ ಗೋಡೆಗಳಿಂದ ಇನ್ನೂ ರಬ್ಬರಿನ ವಾಸನೆ ಬರುತ್ತಿತ್ತು. ಮದುಮಗಳ ಪಾರ್ಟಿನವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಕ್ಲಾರಿನೆಟ್ ನುಡಿಸುತ್ತಿದ್ದಳು. ದಿನಾ ಬೆಳಿಗ್ಗೆ ಇವನ ಬಸ್ಸಿಗೇ ಹತ್ತುತ್ತಿದ್ದವಳು. ಮೊದಲ ದಿನ ಗುರುತು ಹಿಡಿದು ನಕ್ಕು, ಅಂದಿನಿಂದಲೇ “ಮಾವ” ಅಂತ ಕರೆಯತೊಡಗಿದಳು. ಅವಳ ಕೈ ಚುರುಕು, ಸ್ವರ ಶುದ್ಧ. ಆದರೆ ಯಾರಾದರೂ ನೋಡುತ್ತಿದ್ದಾರೆ ಅಂದರೆ ಅವಳ ವಾದ್ಯ ಮುದುರಿಕೊಳ್ಳುತ್ತಿತ್ತು. ಮೊದಮೊದಲು ಇವನ ಪಾರ್ಟಿನಲ್ಲಿ ಮಾತೇ ಹೆಚ್ಚು, ಊದುವುದು ಕಡಿಮೆ. ಹಾಗಾಗಿ ಮೂರು ವಾರ ಹೇಗೋ ದಾಟಿದ.

ನಾಲ್ಕನೇ ವಾರ ಬೀಗರ ಜಗಳದ ದೃಶ್ಯ. ಗಂಡಿನ ತಂದೆ ಸಿಟ್ಟಿನಿಂದ ಕೂಗಾಡಿ, ಮಾತು ಮುಗಿದ ತಕ್ಷಣ ಟ್ರಂಪೆಟ್ ಎತ್ತಿ ಊದಬೇಕು. ಅವನು ಕೂಗಿದ. ಎತ್ತಿದ. ಒತ್ತಿದ. ಬಾಯೊಳಗೆ ಏನೋ ಕಳಚಿದಂತಾಗಿ, ಮೇಲಿನ ಸೆಟ್ಟು ತುಟಿ ದಾಟಿ ಹಲಗೆಯ ಮೇಲೆ ಬಿದ್ದು, ಎರಡು ಸುತ್ತು ಉರುಳಿ, ಬೀಗನ ಪಾರ್ಟಿನವನ ಬೂಟಿನ ಹತ್ತಿರ ನಿಂತಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನೂ ನಕ್ಕುಬಿಡಬಹುದಿತ್ತು. ಅಂಚೆಯವಳು ಬಗ್ಗಿ ಕರವಸ್ತ್ರದಲ್ಲಿ ಅದನ್ನು ಎತ್ತಿ, ಯಾರದೋ ಕಾಗದ ತಲುಪಿಸುವ ಹಾಗೆ ಅವನ ಅಂಗೈಗೆ ಇಟ್ಟಳು. ಅವನು ಟ್ರಂಪೆಟ್ಟನ್ನು ಪೆಟ್ಟಿಗೆಗೂ ಹಾಕದೆ ಹಾಗೇ ಹಿಡಿದುಕೊಂಡು ಹೊರಟುಬಿಟ್ಟ.

ಐದು ದಿನ ತಾಲೀಮಿಗೆ ಹೋಗಲಿಲ್ಲ. ನಿರ್ದೇಶಕಿಯ ಫೋನು ಎತ್ತಲಿಲ್ಲ. ಬೆಳಗಿನ ಟ್ರಿಪ್ಪಿನಲ್ಲಿ ಅಂಚೆಯವಳು ಹತ್ತಿದರೆ ಕನ್ನಡಿ ಕಡೆ ನೋಡದೆ ಬಸ್ಸು ಬಿಟ್ಟ. ಆರನೆಯ ದಿನ ಊಟಕ್ಕೆ ಕೂತಾಗ ಹೆಂಡತಿ ಅಂದಳು, “ಬಿದ್ದಿದ್ದು ಹಲ್ಲು ರೀ, ಮಾನ ಅಲ್ಲ. ವಿಷಯ ಮುಚ್ಚಿಟ್ಟು ಒಪ್ಪಿಕೊಂಡಿದ್ರಲ್ಲ, ಅದಕ್ಕೆ ನಾಚಿಕೊಳ್ಳಿ ಬೇಕಾದ್ರೆ. ಅದೂ ಒಂದು ದಿನ ಸಾಕು.”

“ಈಗ ಹೋಗಿ ಏನಂತ ಹೇಳ್ಲಿ?”

“ಅವಳ ಹತ್ರ ಆಮೇಲೆ. ಮೊದಲು ಹಲ್ಲು ಕಟ್ಟಿದವನ ಹತ್ರ ಹೋಗಿ. ಟ್ರಂಪೆಟ್ಟು ತಗೊಂಡೇ ಹೋಗಿ.”

ಹಲ್ಲು ಕಟ್ಟುವವನ ಕೋಣೆ ಒಂದು ಲಾಂಡ್ರಿಯ ಮೇಲಿತ್ತು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಸುಣ್ಣದ ಹಿಟ್ಟಿನಲ್ಲಿ ಅಚ್ಚು ತೆಗೆದ ದವಡೆಗಳು, ಒಂದೊಂದಕ್ಕೂ ನಂಬರು. ಹಲ್ಲು ಕಟ್ಟುವವನು ಮೆಳ್ಳೆಗಣ್ಣಿನ, ಮಾತು ಕಡಿಮೆಯ ಮನುಷ್ಯ. ಟ್ರಂಪೆಟ್ ನೋಡಿ, “ಊದಿ,” ಅಂದ. ಊದಿದ. ಬಾಯಿ ತೆರೆಸಿ ಟಾರ್ಚು ಬಿಟ್ಟ. ಮತ್ತೆ ಊದಿಸಿದ.

“ಇದು ಉಣ್ಣೋಕೆ ಕಟ್ಟಿದ ಹಲ್ಲು. ಊದ್ತೀನಿ ಅಂತ ನೀವು ಹೇಳಲೇ ಇಲ್ವಲ್ಲ.”

“ಆಗ ಊದ್ತಾ ಇರಲಿಲ್ಲ.”

ಹಲ್ಲು ಕಟ್ಟುವವನು ಹೊಸ ಅಚ್ಚು ತೆಗೆದ. ಮುಂದಿನ ಹಲ್ಲುಗಳನ್ನು ಕೂದಲೆಳೆಯಷ್ಟು ಒಳಗೆ ಸರಿಸಿದ, ಅಂಗುಳದ ಕಡೆ ಅಂಚು ಉದ್ದ ಮಾಡಿದ. ಅರದಿಂದ ಉಜ್ಜುವುದು, ಹಾಕಿ ಊದಿಸುವುದು, ತೆಗೆದು ಮತ್ತೆ ಉಜ್ಜುವುದು. ಹೀಗೆ ನಾಲ್ಕು ಮಧ್ಯಾಹ್ನ ನಡೆಯಿತು. ಕೆಳಗಿನ ಲಾಂಡ್ರಿಯವರು, ಮೇಲೆ ಹಲ್ಲು ಕೀಳುವಾಗ ಜನ ಹೀಗೂ ಕೂಗುತ್ತಾರೆಯೇ ಅಂತ ಕೇಳಿಕೊಂಡು ಬಂದರು. ನಾಲ್ಕನೆಯ ಮಧ್ಯಾಹ್ನ ಕೋಣೆಯ ತುಂಬ ಒಂದು ದುಂಡನೆಯ, ಬೆಚ್ಚಗಿನ ಸ್ವರ ಹೊರಟಿತು. ಅದು ತನ್ನದೇ ಅಂತ ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೆಳಗಿನ ಸ್ವರಗಳೂ ನಡುವಿನ ಸ್ವರಗಳೂ ಹೇಳಿದ ಹಾಗೆ ಕೇಳಿದವು. ಮೇಲಕ್ಕೆ ಹೋದರೆ ಮಾತ್ರ ಸೆಟ್ಟು ನಡುಗುತ್ತಿತ್ತು.

“ಅಷ್ಟು ಮೇಲಕ್ಕೆ ನನ್ನ ಕೈಲಿ ಆಗಲ್ಲ,” ಅಂದ ಹಲ್ಲು ಕಟ್ಟುವವನು. “ದೇವರು ಕೊಟ್ಟಿದ್ದು ಬೇರೆ, ನಾನು ಕೊಡೋದು ಬೇರೆ.”

ಅಲ್ಲಿಂದ ನೇರ ನಾಟಕದ ಮನೆಗೆ ಹೋದ. ನಿರ್ದೇಶಕಿ ಒಬ್ಬಳೇ ಸೇತುವೆಯ ಕಟಕಟೆಗೆ ಬಣ್ಣ ಬಳಿಯುತ್ತಿದ್ದಳು. ಅವನು ಹಲ್ಲಿನ ಕಥೆಯನ್ನು ಮೊದಲಿನಿಂದ ಹೇಳಿದ, ಯಾವುದನ್ನೂ ಮುಚ್ಚಿಡಲಿಲ್ಲ. ಅವಳು ಬ್ರಷ್ಷನ್ನು ಡಬ್ಬದ ಮೇಲಿಟ್ಟು ಕೇಳಿಸಿಕೊಂಡಳು.

“ಅವತ್ತೇ ಹೇಳಿದ್ರೆ ಏನಾಗ್ತಿತ್ತು ಅಂಕಲ್?”

“ನೀನು ಬೇಡ ಅಂತೀಯೇನೋ ಅಂತ ಹೆದರಿಕೆ.”

“ಬೇಡ ಅಂತಿರಲಿಲ್ಲ,” ಅಂದವಳು, ಬ್ರಷ್ಷು ಮತ್ತೆ ಕೈಗೆತ್ತಿಕೊಂಡು, “ಅಂತಿದ್ನೋ ಏನೋ. ಈಗ ಆ ಸ್ವರ ಏನು ಮಾಡೋದು? ಕೊನೇ ಹಾಡು ನಿಂತಿರೋದೇ ಅದರ ಮೇಲೆ.”

ದಾರಿಯುದ್ದಕ್ಕೂ ಅವನು ಅದನ್ನೇ ಯೋಚಿಸಿಕೊಂಡು ಬಂದಿದ್ದ. “ಮದುಮಗಳಿಗೆ ಕೊಡು. ಕ್ಲಾರಿನೆಟ್ಟಲ್ಲಿ ಅದು ಚೆನ್ನಾಗಿ ಬರುತ್ತೆ. ನಾನು ಕೆಳಗಿನ ಸ್ವರ ಹಿಡಿದು ನಿಲ್ತೀನಿ.”

“ಅವಳು ಹೆದರ್ತಾಳಲ್ಲ.”

“ಅದು ನನಗೆ ಬಿಡು.”

ಮಾರನೆಯ ಬೆಳಿಗ್ಗೆ ಅಂಚೆಯವಳು ಬಸ್ಸು ಹತ್ತಿದಾಗ ಅವನು ಕನ್ನಡಿಯಲ್ಲಿ ನೋಡಿ, “ಮುಂದಿನ ಸೀಟಿಗೆ ಬಾ,” ಅಂದ. ವಿಷಯ ಕೇಳಿ ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. “ನನ್ನಿಂದ ಆಗಲ್ಲ ಮಾವ. ಎಲ್ಲರೂ ನಿಮ್ಮದನ್ನ ನೆನಪಿಟ್ಕೊಂಡು ಬಂದಿರ್ತಾರೆ.”

“ನನ್ನ ನೆನಪು ಇಟ್ಕೊಂಡಿರೋರಿಗೆಲ್ಲ ಈಗ ಅರವತ್ತು ದಾಟಿದೆ. ಕಿವಿ ಮಂದ. ನೀನು ಧೈರ್ಯವಾಗಿ ಊದು.”

ಅವಳು ನಕ್ಕಳು, ಕೆಲಸ ಅಲ್ಲಿಂದ ಶುರುವಾಯಿತು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಉಸಿರು ಎಳೆಯುವುದು, ಹಸಿರು ದೀಪ ಬರುವವರೆಗೆ ಹಿಡಿಯುವುದು, ಬಸ್ಸು ಹೊರಟ ಮೇಲೆ ಸಣ್ಣಗೆ ಬಿಡುವುದು. ಹೊಟ್ಟೆಯಿಂದ ಎಳೆ, ಭುಜ ಎತ್ತಬೇಡ, ಸ್ವರಕ್ಕೆ ಹಾರಬೇಡ, ಮೆಟ್ಟಿಲು ಹತ್ತಿದ ಹಾಗೆ ಹತ್ತು, ಅಂತ ಗೇರು ಬದಲಿಸುತ್ತಲೇ ಹೇಳುತ್ತಿದ್ದ. ಒಂದು ವಾರದಲ್ಲಿ ಹಿಂದಿನ ಸೀಟಿನ ಗುಮಾಸ್ತರೊಬ್ಬರೂ ಅವಳ ಜೊತೆ ಉಸಿರು ಹಿಡಿಯತೊಡಗಿದರು. ಬಿಪಿಗೆ ಒಳ್ಳೆಯದಂತೆ. ಸಂಜೆಯ ತಾಲೀಮಿನಲ್ಲಿ ಸ್ವರ ಮೂರರಲ್ಲಿ ಒಂದು ಸಲ ಬರುತ್ತಿತ್ತು, ಆಮೇಲೆ ಎರಡು ಸಲ. ಅದು ಅವಳ ಬಾಯಿಂದ ಮೊದಲ ಸಲ ಪೂರ್ತಿ ಬಂದ ದಿನ ಅವನಿಗೆ ಎದೆಯಲ್ಲಿ ಚುಳ್ಳೆಂದಿತು. ಸುಳ್ಳು ಯಾಕೆ, ಹೊಟ್ಟೆಕಿಚ್ಚೇ ಅದು. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದು, “ಇನ್ನೊಂದು ಸಲ,” ಅಂದ.

ಮೊದಲ ಆಟ ಭಾನುವಾರ ಮಧ್ಯಾಹ್ನ. ಕುರ್ಚಿಗಳು ತುಂಬಿ, ಡಿಪೋದವರು ಗೋಡೆಗೊರಗಿ ನಿಂತಿದ್ದರು. ಬೀಗರ ಜಗಳದಲ್ಲಿ ಅವನು ಕೂಗಾಡಿ ಟ್ರಂಪೆಟ್ ಎತ್ತಿದಾಗ ತಂಡದವರೆಲ್ಲ ಉಸಿರು ಬಿಗಿಹಿಡಿದದ್ದು ಅವನಿಗೆ ಗೊತ್ತಾಯಿತು. ಸೆಟ್ಟು ಅಲುಗಲಿಲ್ಲ. ಮೂರನೇ ಸಾಲಿನಲ್ಲಿ ಹಲ್ಲು ಕಟ್ಟುವವನು ಕತ್ತು ಮುಂದೆ ಚಾಚಿ ಅವನ ಬಾಯನ್ನೇ ನೋಡುತ್ತಿದ್ದ, ನಾಟಕ ನೋಡಿದ್ದು ಕಡಿಮೆ.

ಕೊನೆಯ ಹಾಡು ಬಂತು. ಪಿಟೀಲು, ಅಕಾರ್ಡಿಯನ್ನು, ದೊಡ್ಡ ಡೋಲು ಎಲ್ಲ ಸೇರಿಕೊಂಡವು. ಮದುಮಗಳು ಸೇತುವೆ ಏರಿದಳು. ಅವನು ಕೆಳಗೆ ನಿಂತು ತನ್ನ ಸ್ವರ ಹಿಡಿದ. ಅವಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ತುದಿಯ ಸ್ವರಕ್ಕೆ ಬಂದು, ಮುಟ್ಟಿದಳು. ಅಷ್ಟರಲ್ಲಿ ಸ್ವರ ಒಡೆಯಿತು. ಒಂದು ಕ್ಷಣ ಕೀಚಲು ಸದ್ದು. ಅವಳ ಕಣ್ಣು ಅವನನ್ನು ಹುಡುಕಿತು. ಅವನು ತನ್ನ ಸ್ವರ ಬಿಡಲಿಲ್ಲ. ಇನ್ನೂ ಅಗಲ ಮಾಡಿದ, ಬಿದ್ದರೆ ಇಲ್ಲೇ ಬೀಳು ಅನ್ನುವ ಹಾಗೆ. ಅವಳು ಉಸಿರು ಎಳೆದು ಮತ್ತೆ ಹಿಡಿದಳು. ಈ ಸಲ ನಿಂತಿತು.

ಚಪ್ಪಾಳೆ ಬಿತ್ತು. ಆದರೂ ಬಣ್ಣದ ಕೋಣೆಯಲ್ಲಿ ಅವಳು ಮೂಲೆ ಹಿಡಿದು ಕೂತಿದ್ದಳು. “ಹಾಳು ಮಾಡಿಬಿಟ್ಟೆ ಮಾವ.”

“ನನ್ನ ಮೊದಲ ಆಟದಲ್ಲಿ ಆ ಸ್ವರ ಬರಲೇ ಇಲ್ಲ,” ಅಂದ ಅವನು. “ಬರೀ ಗಾಳಿ ಹೋಯ್ತು.”

“ಸುಮ್ನೆ ಸಮಾಧಾನಕ್ಕೆ ಹೇಳ್ತಿದೀರಿ.”

ಬಟ್ಟೆ ಮಡಚುತ್ತಿದ್ದ ಅವನ ಹೆಂಡತಿ ತಲೆ ಎತ್ತದೆ ಹೇಳಿದಳು, “ಸಮಾಧಾನ ಅಲ್ಲಮ್ಮ, ನಾನು ಇದೇ ರೂಮಲ್ಲಿ ಇದ್ದೆ. ಅಂಗಿ ಬಿಗಿ ಹೊಲಿದಿದೀನಿ ಅಂತ ತಪ್ಪು ನನ್ನ ಮೇಲೆ ಹಾಕಿದ್ರು. ಬಿಚ್ಚಿ ಎರಡು ಇಂಚು ಬಿಟ್ಟುಕೊಟ್ಟೆ, ಆಮೇಲೆ ಬಂತು.”

ಅಂಚೆಯವಳು ಮುಖ ಒರೆಸಿಕೊಂಡು ತನ್ನ ಕುಪ್ಪಸದ ಕಡೆ ಬಗ್ಗಿ ನೋಡಿದಳು. “ಹಾಗಾದ್ರೆ ಇದನ್ನೂ ಸ್ವಲ್ಪ ಬಿಡ್ತೀರಾ ಅತ್ತೆ?”

ಮುಂದಿನ ಭಾನುವಾರ ಎರಡನೇ ಆಟ. ಸೇತುವೆಯ ಮೇಲಿಂದ ಸ್ವರ ಒಂದೇ ಏಟಿಗೆ ಬಂತು, ಸೂಜಿಯಲ್ಲಿ ದಾರ ಹೋದಷ್ಟು ಸಲೀಸಾಗಿ. ಎದೆ ಚುಳ್ಳೆನ್ನುತ್ತದೇನೋ ಅಂತ ಅವನು ಕಾದ. ಹಾಗೇನೂ ಆಗಲಿಲ್ಲ. ಮೇಲೆ ಅವಳ ಸ್ವರ, ಕೆಳಗೆ ತನ್ನದು. ಎರಡರ ನಡುವೆ ಉಳಿದವರೆಲ್ಲ ಬಂದು ಕೂತಿದ್ದರು. ಕೇಳುತ್ತ ಕೇಳುತ್ತ ನಿಲ್ಲಿಸುವುದೇ ಮರೆತ. ಎಲ್ಲರೂ ವಾದ್ಯ ಇಳಿಸಿದ ಮೇಲೂ ಟ್ರಂಪೆಟ್ಟು ಒಂದೇ ಸ್ವಲ್ಪ ಹೊತ್ತು ಉಳಿದುಕೊಂಡಿತ್ತು.

ಪರದೆ ಬಿದ್ದ ಮೇಲೆ ನಿರ್ದೇಶಕಿ, ಅಪ್ಪ ಬರೆದಿಟ್ಟಿದ್ದ ಹಾಡು ಸ್ವರಗಳ ಫೈಲು ಹಿಡಿದು ಬಂದಳು. “ಅಂಕಲ್, ಕೊನೇಲಿ ತಾಳಕ್ಕಿಂತ ಎರಡು ಮಾತ್ರೆ ಜಾಸ್ತಿ ಊದಿದ್ರಿ.”

“ಉಸಿರು ಇನ್ನೂ ಉಳಿದಿತ್ತಮ್ಮ,” ಅಂದ ಅವನು.

ಅವಳು ಪೆನ್ಸಿಲು ತೆಗೆದು, ಅಪ್ಪನ ಕೈಬರಹದ ಪಕ್ಕದಲ್ಲೇ ಆ ಎರಡು ಮಾತ್ರೆಗಳನ್ನೂ ಬರೆದುಕೊಂಡಳು.