ಮಂಡಕ್ಕಿ ಮತ್ತೆ ಅಕ್ಕಿಯಾಗಲಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅವ್ವ ಬೈಯುತ್ತಾಳೆ. ಬೈಯಲಿ. ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ನನ್ನ ಪಾಠವನ್ನೇ ಮುಂದಿಟ್ಟುಕೊಂಡು ಸುಳ್ಳು ಮಾರುತ್ತಿದ್ದರೆ ಬಾಯಿ ಮುಚ್ಚಿಕೊಂಡು ಕೂರಬೇಕೇ?

ಮಾರಿದವನು ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷ ನಾಗಭೂಷಣ್ ಅವರ ಭಾಮೈದ ಕೊಟ್ರೇಶ್. ಮಾರಿದ್ದು ವಯಸ್ಸು ಇಳಿಸುವ ನೀರಿನ ಯಂತ್ರ. ಪೋಷಕರನ್ನೆಲ್ಲ ಸಭಾಂಗಣದಲ್ಲಿ ಕೂಡಿಸಿ, "ಫಿಸಿಕ್ಸ್ ಸೂತ್ರದಾಗ ಕಾಲ ಹಿಂದಕ್ಕೂ ಓಡ್ತೈತ್ರಿ. ಈ ನೀರು ಕುಡಿದ್ರೆ ನಿಮ್ಮ ದೇಹನೂ ಹಿಂದಕ್ಕೆ ಓಡ್ತೈತೆ. ಶುಗರ್ ಮಾತ್ರೆ ಬ್ಯಾಡ, ಬಿಪಿ ಮಾತ್ರೆ ಬ್ಯಾಡ" ಎಂದ. ಅಧ್ಯಕ್ಷರು ಪಕ್ಕದಲ್ಲೇ ತಲೆಯಾಡಿಸಿದರು.

ಮೊದಲ ಮಾತು ನಿಜವೇ. ಎರಡು ಕಣಗಳು ಡಿಕ್ಕಿ ಹೊಡೆಯುವುದನ್ನು ವಿಡಿಯೊ ಮಾಡಿ ತಿರುಗಾಮುರುಗಾ ತೋರಿಸಿದರೂ ಯಾವ ಸೂತ್ರವೂ ಮುರಿಯುವುದಿಲ್ಲ. ಆದರೆ ಕೋಟ್ಯಂತರ ಕಣಗಳು ಒಮ್ಮೆ ಚದುರಿದರೆ ತಾವಾಗಿ ಮೊದಲಿನ ಜಾಗಕ್ಕೆ ಬಂದು ಕೂರುವುದಿಲ್ಲ. ಕಾಲಕ್ಕೆ ದಿಕ್ಕು ಸಿಗುವುದೇ ಅಲ್ಲಿ. ನಾನು ಎದ್ದು ನಿಂತು "ಇದು ಸುಳ್ಳು" ಎಂದೆ.

ಅಧ್ಯಕ್ಷರು ಕೋಣೆಗೆ ಕರೆಸಿದರು. "ಸೋಮವಾರ ಮತ್ತ ಪೋಷಕರು, ಮಕ್ಕಳು ಎಲ್ಲಾರ್ನೂ ಸೇರಿಸ್ತೀನಿ. ತಪ್ಪಾಯ್ತು ಅನ್ರಿ. ಇಲ್ಲಾಂದ್ರ ಬೇರೆ ಕೆಲಸ ನೋಡ್ಕೊಳ್ರಿ."

ಹರಿಹರದ ಮನೆಗೆ ಬಂದು ಅವ್ವನಿಗೆ ಹೇಳಿದೆ. "ಅಂದ್ಬಿಡೇ ರೂಪಾ, ನಿಂದೇನು ಗಂಟು ಹೋಗ್ತೈತೆ?" ಎಂದು ಚೊಂಬೆತ್ತಿ ನೀರು ಕುಡಿದಳು. ಅದೇ ನೀರು! ಯಂತ್ರ ಕೊಂಡ ಪಕ್ಕದ ಮನೆಯವರು ಕೊಟ್ಟಿದ್ದರಂತೆ. ಶುಗರ್ ಮಾತ್ರೆ ಬಿಟ್ಟೇಬಿಟ್ಟಿದ್ದಳು. ಎಷ್ಟು ಹೇಳಿದರೂ ಒಂದೇ ಮಾತು: "ಅಷ್ಟು ದೊಡ್ಡ ಸಾಹುಕಾರ್ರು ಸುಳ್ಳು ಹೇಳ್ತಾರೇನೇ?"

ಸೋಮವಾರ ಅವ್ವನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಅವಳ ಮಾತ್ರೆಗಳು ನನ್ನ ಬ್ಯಾಗಿನಲ್ಲಿದ್ದವು. ವೇದಿಕೆ ಹತ್ತಿ, ಅಲ್ಲೇ ಇಟ್ಟಿದ್ದ ಯಂತ್ರದಿಂದ ಒಂದು ಗಾಜಿನ ಲೋಟ ನೀರು ಹಿಡಿದೆ. ಬರುವಾಗ ಅಕ್ಕಿ ಹುರಿಯುವ ಅಧ್ಯಕ್ಷರದೇ ಭಟ್ಟಿಯಲ್ಲಿ ಬಿಸಿ ಮಂಡಕ್ಕಿ ಕಟ್ಟಿಸಿಕೊಂಡಿದ್ದೆ. ಅದರಲ್ಲಿ ಒಂದು ಹಿಡಿ ಲೋಟಕ್ಕೆ ಸುರಿದೆ.

"ಸಾರ್, ಇದು ಹಿಂದಕ್ಕೆ ಓಡ್ಲಿ. ಒಂದೇ ಒಂದು ಕಾಳು ಮತ್ತ ಅಕ್ಕಿ ಆಗ್ಲಿ. ನಿಮ್ಮ ಕಾಲು ಹಿಡಿದು ತಪ್ಪಾಯ್ತು ಅಂತೀನಿ."

ಮಂಡಕ್ಕಿ ಮೆತ್ತಗಾಗಿ ಮುದ್ದೆಯಾಯಿತು. ಮಕ್ಕಳು ಕಿಸಕ್ಕನೆ ನಕ್ಕರು. ಅಜ್ಜನ ಕಾಲದಿಂದ ಭಟ್ಟಿ ನಡೆಸಿದ ಮನೆತನದ ಅಧ್ಯಕ್ಷರಿಗೆ ಮಾತ್ರ ತಡೆಯಲಾಗಲಿಲ್ಲ. ಮುಂದಿದ್ದ ಮೈಕಿನಲ್ಲೇ ಗುಡುಗಿದರು:

"ತಲೆ ಕೆಟ್ಟೈತೇನ್ರಿ ನಿಮಗ? ಹುರಿದ ಮಂಡಕ್ಕಿ ಎಲ್ಲ್ಯಾರ ಮತ್ತ ಅಕ್ಕಿ ಆಗ್ತೈತೇನ್ರಿ?"

"ನಾನೂ ಅದನ್ನೇ ಅಂದಿದ್ದು, ಸಾರ್" ಎಂದು ಕೆಳಗಿಳಿದೆ.

ಕೆಲಸ ಹೋಯಿತು. ಸಂಕಟವಾಯಿತು, ಸುಳ್ಳೇಕೆ ಹೇಳಲಿ? ಆದರೂ ತಲೆ ತಗ್ಗಿಸದೆ ಗೇಟು ದಾಟಿದೆ. ಹರಿಹರದ ಬಸ್ಸಿನಲ್ಲಿ ಅವ್ವ ನನ್ನತ್ತ ತಿರುಗಿ ಅಂಗೈ ಚಾಚಿದಳು.

"ಕೊಡು ಮಾತ್ರೆ."