ಎರಡನೇ ಸೂಗಮ್ಮ

ಮಾನ್ವಿಯ ಅಕ್ಕಿ ಗಿರಣಿ ಮರಿಸ್ವಾಮಿಯ ಹೆಂಡತಿ ಸೂಗಮ್ಮ ಯಾರಿಗೂ ಹೆದರಿದವಳಲ್ಲ. ಅವಳ ದನಿ ಕೇಳಿದರೆ ಗಿರಣಿಯ ಹಮಾಲರು ಬೀಡಿ ಆರಿಸುತ್ತಿದ್ದರು. ಅಂಥವಳು ರಾಯಚೂರಿನಲ್ಲಿ ಬಲಮೊಣಕಾಲಿನ ಕೀಲು ಬದಲಿಸಿಕೊಂಡು ಬಂದ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿಗೆ ಹೆದರತೊಡಗಿದಳು. ಅದರ ಮೇಲೆ ಕೂತು ಏಳಬೇಕು, ಮತ್ತೆ ಕೂರಬೇಕು, ಕಾಲು ಚಾಚಿ ಮಡಚಬೇಕು. ಮಡಚಿದಾಗಲೆಲ್ಲ ಮೊಣಕಾಲಿನೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ವ್ಯಾಯಾಮ ಹೇಳಿಕೊಡುವವಳು ರಾಯಚೂರಿನ ಫಿಸಿಯೋಥೆರಪಿ ಹುಡುಗಿ ಸೂಫಿಯಾ. ಮನೆಯಲ್ಲೇ ವ್ಯಾಯಾಮ ಮಾಡುವವರ ಚಲನೆಯನ್ನು ಬರೀ ಕ್ಯಾಮೆರಾ ಇಟ್ಟು ಅಳೆಯಬಹುದೇ ಎಂಬುದು ಅವಳ ಅಧ್ಯಯನ. ಒಂದು ದಿನ ಬಂದು ಪಡಸಾಲೆಯಲ್ಲಿ ಕುರ್ಚಿಯ ಮುಂದೊಂದು, ಪಕ್ಕಕ್ಕೊಂದು ಕ್ಯಾಮೆರಾ ನಿಲ್ಲಿಸಿದಳು.

"ಮೈಮ್ಯಾಲ ಏನೂ ಅಂಟಸಂಗಿಲ್ಲ ಯವ್ವಾ. ನೀವು ದಿನಾ ಕುಂತು ಎದ್ರ ಸಾಕು. ಕಾಲು ಎಷ್ಟು ಮಡಚ್ತು, ಎಷ್ಟು ನೆಟ್ಟಗಾತು ಅಂತ ಇವೇ ಅಳೀತಾವ."

"ಅಲ್ಲಬೇ, ನಾ ಕಾಲೆತ್ತೋದು ರಾಯಚೂರಿನ ಗಂಡಸರೆಲ್ಲ ನೋಡಬೇಕೇನು?"

ಸೂಫಿಯಾ ನಕ್ಕು ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಹೆಗಲು, ಸೊಂಟ, ಮೊಣಕಾಲು, ಹಿಮ್ಮಡಿ ಇರಬೇಕಾದಲ್ಲಿ ಒಂದೊಂದು ಚುಕ್ಕಿ, ಚುಕ್ಕಿಗಳ ನಡುವೆ ಗೆರೆ. ಒಂದು ಕಡ್ಡಿಗೊಂಬೆ ಕೂತು ಏಳುತ್ತಿತ್ತು.

"ನಮಗ ಬರೋದು ಇಷ್ಟೇ. ಮಕ ಇಲ್ಲ, ಸೀರಿ ಇಲ್ಲ. ಇದು ಯಾರು ಅಂತ ಯಾರಿಗೂ ಗೊತ್ತಾಗಂಗಿಲ್ಲ."

ಆ ಕೊನೆಯ ಮಾತನ್ನು ಅವಳು ಸೂಗಮ್ಮನ ಮುಂದೆ ಆಡಬಾರದಿತ್ತು.

ಮೊದಲ ದಿನ ಸೂಗಮ್ಮ ತಾನೇ ಮಾಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಮರುದಿನ ಎದುರು ಮನೆಯ ಗುಲ್ಶನ್ ಬೇಗಂ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. ಗಂಡ ಗುಲಾಮ್ ದಸ್ತಗೀರನದು ಬಜಾರದಲ್ಲಿ ಬಟ್ಟೆ ಅಂಗಡಿ. ಗುಲ್ಶನ್ ಸೂಗಮ್ಮನಿಗಿಂತ ಒಂದೆರಡು ವರ್ಷ ಚಿಕ್ಕವಳು, ನುಗ್ಗೆಕಾಯಿಯಂತೆ ಉದ್ದ, ಸಪೂರ. ಸೂಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಗುಲ್ಶನ್, ಹೆಪ್ಪು ಆಮ್ಯಾಲ. ಈ ಕುರ್ಚಿ ಮ್ಯಾಲ ಕುಂತು ಏಳು ನೋಡೂನು."

ಗುಲ್ಶನ್ ಸರಸರನೆ ಕೂತು ಎದ್ದಳು. "ಇದರಾಗ ಏನದ ಸೂಗಕ್ಕಾ?"

"ಏನೂ ಇಲ್ಲ. ದಿನಾ ಮುಂಜಾನಿ ಬಾ. ಮಂಡಾಳ ಒಗ್ಗರಣಿ, ಮಿರ್ಚಿ ಮಾಡಿಸಿರ್ತೀನಿ."

ಹೀಗೆ ಒಪ್ಪಂದವಾಯಿತು. ಮರಿಸ್ವಾಮಿ ಗಿರಣಿಗೆ ಹೋದದ್ದೇ ತಡ, ಗುಲ್ಶನ್ ಕ್ಯಾಮೆರಾ ಮುಂದೆ ಕೂತು ಏಳುವಳು, ಸೂಗಮ್ಮ ಮಂಚದ ಮೇಲೆ ದಿಂಬಿಗೆ ಒರಗಿ, "ಬೆನ್ನು ನೆಟ್ಟಗ!" ಎಂದು ತಪ್ಪು ತಿದ್ದುವಳು. ಬರುಬರುತ್ತಾ ಗುಲ್ಶನ್‌ಗೆ ಅದರ ರುಚಿ ಹತ್ತಿತು. ಹಗುರಾಗಿ ಏಳುವುದು, ಗರಿಯಂತೆ ಕೂರುವುದು, ಕಾಲು ಚಾಚಿದಾಗ ಬೆರಳ ತುದಿಯನ್ನೂ ಚಂದ ಮಾಡುವುದು.

ಸ್ವಲ್ಪ ದಿನಕ್ಕೆ ಸೂಫಿಯಾಳ ಫೋನು ಬಂತು. "ಯವ್ವಾ, ನಿಮ್ಮ ಕಾಲು ಭಾಳ ಚಲೋ ಆಗೇದ! ಬರೋ ವಾರ ದೇವದುರ್ಗದಾಗ ಮೊಣಕಾಲು ನೋವಿನ ಶಿಬಿರ ಅದ. ನೀವು ಎಲ್ಲರ ಮುಂದ ಮಾಡಿ ತೋರಸ್ಬೇಕು."

ಸೂಗಮ್ಮ ಆಗುವುದಿಲ್ಲ ಎನ್ನುವಷ್ಟರಲ್ಲಿ ಮರಿಸ್ವಾಮಿ ಫೋನು ಕಸಿದು, "ಬರ್ತೀವ್ರೀ, ಖಂಡಿತ ಬರ್ತೀವಿ!" ಎಂದುಬಿಟ್ಟ. ಅಂದು ಸಂಜೆಯೊಳಗೆ ಊರ ತುಂಬ ಸುದ್ದಿ: ಸೂಗಮ್ಮನ ಕಾಲು ನೋಡಿ ಡಾಕ್ಟರೇ ಬೆರಗಾಗಿದ್ದಾರೆ.

ಮರುದಿನದಿಂದ ಮಂಚದ ಮೇಲೆ ಗುಲ್ಶನ್ ಕೂತಳು. ಕ್ಯಾಮೆರಾಗಳ ಮೇಲೆ ಟವೆಲ್ ಹೊದಿಸಿ, ಸೂಗಮ್ಮ ಕುರ್ಚಿ ಹಿಡಿದಳು.

"ಏಳ್ರಿ ಸೂಗಕ್ಕಾ! ಹಮಾಲರಿಗೆ ಬೈತೀರಲ್ಲ, ಆ ಜೋರು ಮೊಣಕಾಲಿಗೆ ಹಚ್ರಿ!"

"ಜೀವಾ ಹೋಗಾಕತ್ತದ ಗುಲ್ಶನ್!"

"ದೇವದುರ್ಗದಾಗ ಮರ್ಯಾದಿ ಹೋಗೋದಕ್ಕಿಂತ ಬೇಸಿ. ಇನ್ನೊಂದು ಸಲ!"

ಸೂಗಮ್ಮ ಬೈದಳು, ಅತ್ತಳು, ಒಗ್ಗರಣೆ ನಿಲ್ಲಿಸುವುದಾಗಿ ಹೆದರಿಸಿದಳು. ಗುಲ್ಶನ್ ಜಗ್ಗಲಿಲ್ಲ. ವಾರ ಮುಗಿಯುವ ಹೊತ್ತಿಗೆ ಸೂಗಮ್ಮ ಯಾವುದನ್ನೂ ಹಿಡಿಯದೆ ಎದ್ದು ನಿಂತಳು. ತನಗೇ ನಂಬಿಕೆ ಬರದೆ ಮತ್ತೊಮ್ಮೆ ಕೂತು ಎದ್ದಳು.

ದೇವದುರ್ಗದ ಸಭಾಭವನ ತುಂಬಿತ್ತು. ಜೊತೆಗೆ ಬಂದಿದ್ದ ಗುಲ್ಶನ್ ಜನರ ನಡುವೆ ಕೂತಿದ್ದಳು. ವೇದಿಕೆಯ ಮೇಲೆ ಕುರ್ಚಿ, ಎರಡು ಕ್ಯಾಮೆರಾ, ಹಿಂದೆ ದೊಡ್ಡ ಪರದೆ. ಸೂಗಮ್ಮ ತುಟಿ ಕಚ್ಚಿಕೊಂಡು ಕೂತು ಎದ್ದಳು. ಪರದೆಯಲ್ಲಿ ಕಡ್ಡಿಗೊಂಬೆ ನಿಧಾನವಾಗಿ, ಒಂಚೂರು ವಾಲಿ, ಆದರೂ ಪೂರ್ತಿ ಎದ್ದು ನಿಂತಿತು. ಜನ ಚಪ್ಪಾಳೆ ತಟ್ಟಿದರು.

"ಈಗ ಇವರು ಮನ್ಯಾಗ ಮಾಡಿದ್ದು ನೋಡೂನು," ಎಂದಳು ಸೂಫಿಯಾ.

ಪರದೆಯ ಮೇಲೆ ಇನ್ನೊಂದು ಕಡ್ಡಿಗೊಂಬೆ ಬಂತು. ಅದು ನೀರೊಳಗಿನ ಮೀನಿನಂತೆ ಕೂತು ಎದ್ದಿತು. ಮುಂದಿನ ಸಾಲಿನ ಹಿರಿಯ ಡಾಕ್ಟರು ಶರಣಯ್ಯನವರು ಎದ್ದೇ ನಿಂತರು. "ಆಹಾ! ಈ ವಯಸ್ಸಿನಾಗ ಇಂಥಾ ಸೊಂಟ, ಇಂಥಾ ಬೆನ್ನು! ಕಾಲೇಜು ಹುಡುಗೀರಿಗೂ ಬರಂಗಿಲ್ಲ. ಭೇಷ್ ಸೂಗಮ್ಮನೋರ!"

ಸೂಗಮ್ಮ ಸೆರಗು ಸರಿಮಾಡಿಕೊಂಡು, ತಲೆ ಬಾಗಿಸಿ ವಿನಯದಿಂದ ಕೈಮುಗಿದಳು.

ಗುಲ್ಶನ್ ಅಲ್ಲಿಯವರೆಗೆ ಎಲ್ಲವನ್ನೂ ಸಹಿಸಿದ್ದಳು. ಆ ನಮಸ್ಕಾರವನ್ನು ಮಾತ್ರ ಸಹಿಸಲಾಗಲಿಲ್ಲ. ಕೂತಲ್ಲಿಂದ ಚಂಗನೆ ಎದ್ದು ಕೂಗಿದಳು: "ಅರೇ! ಆ ಸೊಂಟ ನಂದ್ರೀ!"

ಸಭೆ ಗೊಳ್ಳೆಂದಿತು. ಮರಿಸ್ವಾಮಿ ತೆರೆದ ಬಾಯಿ ಮುಚ್ಚಲಿಲ್ಲ. ಸೂಗಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೂಫಿಯಾ ಮಾತ್ರ ಬೆಚ್ಚಲಿಲ್ಲ, ಕಣ್ಣಲ್ಲೇ ನಗುತ್ತಾ ಸೂಗಮ್ಮನ ಹತ್ತಿರ ಬಂದಳು.

"ನನಗ ಮೊದಲೇ ಗೊತ್ತಿತ್ತು ಯವ್ವಾ. ಕಡ್ಡಿಗೊಂಬಿಗೆ ಮಕ ಇಲ್ಲ ಖರೆ, ಕೈಕಾಲಿನ ಅಳತಿ ಇರ್ತದ. ಆಪರೇಷನ್ ಆದ್ರ ಒಂದೇ ರಾತ್ರ್ಯಾಗ ಎರಡೂ ಕಾಲು ಉದ್ದ ಆಗಂಗಿಲ್ಲ. ಎರಡನೇ ಸೂಗಮ್ಮ ಯಾರು ಅಂತ ಅಷ್ಟೇ ತಿಳೀಬೇಕಿತ್ತು."

"ಮತ್ತ ಫೋನ್ನಾಗ ಚಲೋ ಆಗೇದ ಅಂದ್ಯಲ್ಲಬೇ?"

"ನೀವೊಂದು ಸುಳ್ಳಾಡಿದ್ರಿ, ನಾನೊಂದು ಆಡಿದೆ. ಇಲ್ಲಾಂದ್ರ ಇವತ್ತು ನೀವು ಹಿಂಗ ಎದ್ದು ನಿಲ್ತಿದ್ರೇನು?"

ಸೂಗಮ್ಮನಿಗೆ ಸಿಟ್ಟು ಬರಬೇಕಿತ್ತು. ಬಾಯಿ ತೆರೆದಳು, ಬಂದದ್ದು ನಗು. ಅಷ್ಟರಲ್ಲಿ ಸೂಫಿಯಾ ಗುಲ್ಶನ್ ಕಡೆ ತಿರುಗಿದ್ದಳು. ತನ್ನ ಅಧ್ಯಯನಕ್ಕೆ ನೋವಿಲ್ಲದ ಕಾಲಿನವರೂ ಒಬ್ಬರು ಬೇಕು, ಹೋಲಿಸಿ ನೋಡಲಿಕ್ಕೆ. ನಿಮ್ಮ ಹೆಸರಿನಲ್ಲೇ ಮಾಡುತ್ತೀರಾ ಎಂದು ಕೇಳಿದಳು. ಗುಲ್ಶನ್ ದುಪಟ್ಟಾ ಕೊಡವಿ, "ನೋಡೂನು ಬೇಟಿ, ಪುರಸೊತ್ತಾದ್ರ," ಎಂದಳು. ಆ ಗತ್ತು ನೋಡಿ ಸೂಗಮ್ಮನಿಗೆ ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು.

ಮಾನ್ವಿಗೆ ವಾಪಸಾಗುವಾಗ ಮರಿಸ್ವಾಮಿ ಸಿರವಾರದವರೆಗೂ ಒಂದೇ ಸಮ ಜೀಪು ಓಡಿಸಿದ. ಅಲ್ಲಿ ಚಹಾದಂಗಡಿ ಮುಂದೆ ನಿಲ್ಲಿಸಿ ಕೇಳಿದ: "ಊರಾಗೆಲ್ಲ ಹೇಳ್ಕೊಂಡು ಬಂದೀನಲ್ಲ. ಈಗ ಮಂದಿಗೆ ಏನು ಹೇಳ್ಲಿ?"

"ನನ್ನ ಹೆಂಡ್ತಿ ಕಾಲು ಚಲೋ ಆಗ್ಯಾವ ಅಂತ್ಹೇಳ್ರಿ. ಯಾರ ಕಾಲು ಅಂತ ಕೇಳಿದವರನ್ನ ನನ್ನ ಹತ್ರ ಕಳಸ್ರಿ."

ಹೀಗೆಂದು ಸೂಗಮ್ಮ ಜೀಪಿನಿಂದ ಇಳಿದಳು. ಗಂಡ ಚಾಚಿದ ಕೈಯನ್ನು ನೋಡದವಳಂತೆ, ಮೊದಲು ಎಡಗಾಲು, ಆಮೇಲೆ ಬಲಗಾಲು. ನೆಲಕ್ಕೆ ಊರಿದಾಗ ಮುಖ ಕಿವುಚಿದ್ದನ್ನು ಹಿಂದಿನ ಸೀಟಿನಲ್ಲಿದ್ದ ಗುಲ್ಶನ್ ಒಬ್ಬಳೇ ಕಂಡಳು. ಕಂಡರೂ, ಆ ಒಂದು ಸಲ, ಬಾಯಿ ಬಿಡಲಿಲ್ಲ.