ಕಮಲಾಕ್ಷಿಯ ಅನುಮಾನ

ಕಮಲಾಕ್ಷಿ ಹೋದ ಮಂಗಳವಾರ ಬೆಳಿಗ್ಗೆ ನೈರೋಬಿಯ ಕಿಲಿಮಾನಿ ಬಡಾವಣೆಯ ತನ್ನ ಫ್ಲ್ಯಾಟಿನಲ್ಲಿ ತೀರಿಕೊಂಡಳು. ಹೃದಯಾಘಾತ ಎಂದರು ಡಾಕ್ಟರು. ಅವಳಿಗೆ ಐವತ್ತೊಂಬತ್ತು ವರ್ಷ. ಪಕ್ಕದಲ್ಲೇ ನಿಂತು ಕೇಳುವಂತಿದ್ದರೆ, "ಯಾವ ಪರೀಕ್ಷೆ ಮಾಡಿ ಹೇಳಿದ್ರಿ?" ಎನ್ನುತ್ತಿದ್ದಳು.

ಅಷ್ಟು ಅನುಮಾನದ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಕರೆಸಿದ ಟ್ಯಾಕ್ಸಿ ಬಂದರೆ ನಂಬರನ್ನು ಎರಡು ಸಲ ಓದಿ, ಆಮೇಲೆ ಡ್ರೈವರನ ಬಾಯಿಂದ ತನ್ನ ಹೆಸರು ಹೇಳಿಸುತ್ತಿದ್ದಳು; ಆತ 'ಕಮಲಾ'ದಲ್ಲಿ ಎಡವಿ ನಿಂತರೆ ಬಾಗಿಲು ತೆರೆಯುತ್ತಿರಲಿಲ್ಲ. ಹೊಸ ಕಟ್ಟಡಗಳಲ್ಲಿ ಅವಳ ನಡಿಗೆಯೇ ಬದಲಾಗುತ್ತಿತ್ತು. ಪ್ರತಿ ಮೆಟ್ಟಿಲ ಮೇಲೂ ಪಾದ ಊರಿ, ಅರೆಗಳಿಗೆ ತಡೆದು, ಆಮೇಲೆ ಮೈಭಾರ ಬಿಡುವಳು. "ಇವನ್ನೆಲ್ಲ ಡ್ರಾ ಮಾಡಿದೋರನ್ನ ನಾನು ನೋಡಿದೀನಿ ಅಂಬುಜಾ," ಎಂದು ನನಗೆ ಹೇಳುವಳು. ಜುಲೈ ಚಳಿಗೂ ಜನವರಿ ಬಿಸಿಲಿಗೂ ಒಂದೇ ನೀಲಿ ಕೋಟು. ಬಲಜೇಬಿನ ಪೆನ್‌ಡ್ರೈವ್ ತನ್ನ ಫೈಲುಗಳಿಗೆ, ಎಡಜೇಬಿನದು ಪರರ ಫೈಲುಗಳಿಗೆ. ಒಂದರ ಜಾಗಕ್ಕೆ ಇನ್ನೊಂದು ಹೋದದ್ದಿಲ್ಲ.

ಮೈಸೂರಿನಲ್ಲಿ ಡ್ರಾಫ್ಟಿಂಗ್ ಡಿಪ್ಲೊಮಾ ಮಾಡಿ ಇಪ್ಪತ್ತಾರು ವರ್ಷದ ಹಿಂದೆ ನೈರೋಬಿಗೆ ಬಂದವಳು. ಕಂಪ್ಯೂಟರಿನಲ್ಲಿ ಬರೆದ ನಕ್ಷೆ ಕೆಟ್ಟಾಗ ಜನ ಅವಳಿಗೆ ಫೋನು ಮಾಡುತ್ತಿದ್ದರು. ಫೈಲು ತೆರೆಯುವುದಿಲ್ಲ, ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ, ಇಂಚಿನಲ್ಲಿ ಬರೆದ ಬಾಗಿಲು ಮಿಲಿಮೀಟರಿನ ಮನೆಯೊಳಗೆ ಬಂದು ಅಕ್ಕಿಕಾಳಿನಷ್ಟಾಗಿದೆ, ಹೀಗೆ. ಹೋದವಳು ಕೆಲಸಕ್ಕೆ ಮುಂಚೆ ಒಂದು, ಮುಗಿದ ಮೇಲೆ ಇನ್ನೊಂದು ಎಂದು ಫೈಲಿನ ನಕಲು ಮಾಡಿ ತಾರೀಖು ಹಾಕಿ ಇಟ್ಟುಕೊಳ್ಳುತ್ತಿದ್ದಳು. ಮೊದಲ ನಕಲಾದ ಕೂಡಲೇ ಕೇಳುವಳು, "ಕೊನೆಗೆ ಮುಟ್ಟಿದ್ದು ಯಾರು?"

"ಯಾರೂ ಮುಟ್ಟಿಲ್ಲ ಮೇಡಂ, ತಾನಾಗೇ ಕೆಟ್ಟೋಯ್ತು."

"ತಾನಾಗೇ ಕೆಡೋಕೆ ಅದೇನು ನಿನ್ನೆ ಸಾಂಬಾರಾ?"

ಅವಳ ಪಾಲಿಗೆ ಎಲ್ಲಕ್ಕಿಂತ ಹೇಯವಾದ ತಪ್ಪು ಒಂದಿತ್ತು. ನಕ್ಷೆಯಲ್ಲಿ ಗೆರೆಯ ಉದ್ದವನ್ನು ಯಂತ್ರವೇ ಅಳೆದು ಪಕ್ಕದಲ್ಲಿ ಅಂಕಿ ತೋರಿಸುತ್ತದೆ. ಅವಸರದವರು ಗೆರೆಯನ್ನು ತಿದ್ದುವ ಗೋಜಿಗೆ ಹೋಗದೆ ಆ ಅಂಕಿಯನ್ನು ಅಳಿಸಿ ತಮಗೆ ಬೇಕಾದ್ದನ್ನು ಟೈಪ್ ಮಾಡುತ್ತಾರೆ. ಆಮೇಲೆ ಗೆರೆ ಒಂದು ಉದ್ದ, ಅಂಕಿ ಇನ್ನೊಂದು.

ಕಳೆದ ತಿಂಗಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಡೆದದ್ದು ಅದೇ. ಅಲ್ಲಿ ಮಧುಕರ ಎಂಬವರ ವರ್ಕ್‌ಶಾಪಿದೆ, ಉಕ್ಕಿನ ಚಾವಣಿ ಮಾಡುತ್ತಾರೆ. ಒಂದು ಶಾಲೆಯ ಊಟದ ಹಾಲಿಗೆ ಕತ್ತರಿಸಿದ ಹದಿನಾರು ತೊಲೆಗಳೂ ನಾಲ್ಕು ಸೆಂಟಿಮೀಟರ್ ಗಿಡ್ಡ ಬಂದವು. ಕಾಗದದಲ್ಲಿ ಆರು ಮೀಟರ್ ಎಂದೇ ಇತ್ತು. ಆದರೆ ಅವರ ಹೊಸ ಕತ್ತರಿಸುವ ಯಂತ್ರ ಅಂಕಿ ಓದುವುದಿಲ್ಲ, ಗೆರೆಯನ್ನು ಓದುತ್ತದೆ. ಕಮಲಾಕ್ಷಿ ಹೋಗಿ ನೋಡಿ, ಎಲ್ಲರ ಮುಂದೆ ಡ್ರಾಫ್ಟ್ಸ್‌ಮನ್ ರೊಯ್ಸ್ಟನ್ ಕಡೆ ಬೆರಳು ತೋರಿಸಿದಳು.

"ಅಂಕಿ ಟೈಪ್ ಮಾಡಿದಾರೆ. ಫೈಲ್ ಕಳಿಸಿದ್ದು ಇವನು. ಇನ್ಯಾರು?"

"ನಾನು ಹಳೇ ಡ್ರಾಯಿಂಗ್ ತಗೊಂಡೆ ಮ್ಯಾಮ್. ಉದ್ದ ಸರಿ ಇತ್ತು, ಕಳಿಸಿದೆ, ಅಷ್ಟೇ."

"ಎಲ್ರೂ ಅಷ್ಟೇ ಅಂತಲೇ ಹೇಳೋದು."

ರೊಯ್ಸ್ಟನ್ ಮಂಗಳೂರಿನವನು, ಬಂದು ಮೂರು ವರ್ಷ. ಕೆಲಸ ಹೋದರೆ ಇಲ್ಲಿರುವ ಪರ್ಮಿಟ್ಟೂ ಹೋಯಿತು. ಹೆಂಡತಿಯನ್ನೂ ಶಾಲೆಗೆ ಹೋಗುವ ಮಗಳನ್ನೂ ಕಟ್ಟಿಕೊಂಡು ಹೊರಡಬೇಕು. ಅವಳ ಮಾತಿನ ಮೇಲೆ ಮಧುಕರ ಅವನನ್ನು ತೆಗೆಯುವ ಪತ್ರ ಸಿದ್ಧಮಾಡಿದರು. ಸೋಮವಾರ ಕೊಡುವುದೆಂದಾಯಿತು.

ಭಾನುವಾರ ಮಧ್ಯಾಹ್ನ ಕಮಲಾಕ್ಷಿ ಫೋನು ಮಾಡಿದಳು. "ಹಳೇ ಡ್ರಾಯಿಂಗ್ ಅಂದನಲ್ಲ, ಸುಳ್ಳು ಅಂತ ತೋರಿಸೋಣ ಅಂತ ನನ್ನ ನಕಲುಗಳನ್ನೆಲ್ಲ ಹುಡುಕಿದೆ. ಐದು ವರ್ಷದ ಹಿಂದಿಂದು ಸಿಕ್ತು, ಅದೇ ವರ್ಕ್‌ಶಾಪಿಗೆ ನಾನು ಸರಿಮಾಡಿ ಕೊಟ್ಟಿದ್ದ ಡ್ರಾಯಿಂಗು. ಗಿರಾಕಿ ಎದುರಿಗೇ ಕೂತು ಪ್ರಿಂಟ್ ಕೊಡಿ ಪ್ರಿಂಟ್ ಕೊಡಿ ಅಂತಿದ್ದ. ಅಂಕಿ ಟೈಪ್ ಮಾಡಿ ಕೊಟ್ಟುಬಿಟ್ಟೆ. ಆಗ ಕಾಗದ ನೋಡ್ಕೊಂಡು ಕೈಯಲ್ಲೇ ಕತ್ತರಿಸ್ತಿದ್ರು, ಏನೂ ಆಗಲಿಲ್ಲ. ನಂದೇ ಕೈ ಅಂಬುಜಾ."

ಯಾರು ಟೈಪ್ ಮಾಡಿದರೆಂದು ಫೈಲಿನಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಅದು ನನಗೂ ಗೊತ್ತಿತ್ತು. ಆಗ ನಾನಂದ ಮಾತಿಗೆ ಈಗ ನಾಚಿಕೆಯಾಗುತ್ತದೆ. "ನೀನು ಹೇಳದಿದ್ರೆ ಯಾರಿಗೆ ಗೊತ್ತಾಗುತ್ತೆ? ಅವನಿಗೆ ಬೇರೆ ಕಡೆ ಸಿಗುತ್ತೆ ಬಿಡು."

"ನಿನ್ನ ಲ್ಯಾವಿಂಗ್ಟನ್ ಸ್ಕೂಲಲ್ಲಿ ಮಕ್ಕಳಿಗೂ ಇದನ್ನೇ ಹೇಳ್ಕೊಡ್ತೀಯಾ?" ಎಂದು ಫೋನಿಟ್ಟಳು.

ಅನುಮಾನದವರನ್ನು ಸಹಿಸುವುದು ಕಷ್ಟ. ಅವರ ಪಕ್ಕ ಕೂತರೆ ನಮ್ಮ ಕೈಯೇ ನಮಗೆ ಕಳ್ಳನ ಕೈಯಂತೆ ಕಾಣತೊಡಗುತ್ತದೆ. ಅಂಥವರಲ್ಲಿ ಹೆಚ್ಚಿನವರು ಲೋಕವನ್ನೆಲ್ಲ ತಪಾಸಣೆ ಮಾಡಿ ತಮ್ಮೊಬ್ಬರನ್ನು ಬಿಟ್ಟುಕೊಂಡಿರುತ್ತಾರೆ. ತಮ್ಮನ್ನೂ ಬಿಡದವರು ಅಪರೂಪ. ಅವರೊಡನೆ ಸ್ನೇಹ ಇನ್ನೂ ಕಷ್ಟ. ನಾನು ಇಪ್ಪತ್ತು ವರ್ಷ ಮಾಡಿದೆ. ಇನ್ನೂ ಇಪ್ಪತ್ತು ವರ್ಷ ಮಾಡುತ್ತಿದ್ದೆ.

ಸೋಮವಾರ ನನಗೆ ರಜೆ, ಜೊತೆಗೆ ಹೋದೆ. ಲಾರಿಗಳ ನಡುವೆ ಒಂದೂವರೆ ಗಂಟೆ ಸಿಕ್ಕಿಕೊಂಡೆವು. ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ಕರೆಸಿ ಹಳೆಯ ನಕಲನ್ನು ತೆರೆದು ತೋರಿಸಿದಳು. "ಇದು ನಾನು ಮಾಡಿದ್ದು. ಆವತ್ತು ನಿಮ್ಮ ಮುಂದೆ ಇವನ ಹೆಸರು ಹೇಳಿದೆ, ಅದೂ ನಾನೇ. ತಪ್ಪಾಯ್ತು ರೊಯ್ಸ್ಟನ್."

ಮಧುಕರ ಮುಜುಗರದಿಂದ ನಕ್ಕರು. "ಹೋಗ್ಲಿ ಬಿಡಿ ಮೇಡಂ, ಲೆಟರ್ ಹರಿದುಹಾಕ್ತೀನಿ."

"ಹರಿದ ಲೆಟರ್ ನಾಳೆ ಮತ್ತೆ ಪ್ರಿಂಟ್ ಆಗುತ್ತೆ. ಇವನ ಪರ್ಮಿಟ್ ಮುಂದುವರಿಸೋ ಅರ್ಜಿ ನಿಮ್ಮ ಡ್ರಾಯರಲ್ಲೇ ಇದೆಯಂತಲ್ಲ? ಈಗಲೇ ಸಹಿ ಹಾಕಿ."

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ."

ಅವರು ಸಹಿ ಹಾಕಿದರು. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದಳು. ಮೂರನೆಯ ಪುಟದಲ್ಲಿ ಪಾಸ್‌ಪೋರ್ಟ್ ನಂಬರಿನ ಮೇಲೆ ಬೆರಳು ನಿಂತಿತು. ರೊಯ್ಸ್ಟನ್‌ನ ಪಾಸ್‌ಪೋರ್ಟ್ ತರಿಸಿ ಪಕ್ಕದಲ್ಲಿಟ್ಟು ನೋಡಿದರೆ, ಒಂದು ಅಂಕಿ ತಪ್ಪಾಗಿತ್ತು. ಪುಟವನ್ನು ಮತ್ತೆ ಪ್ರಿಂಟ್ ಮಾಡಿಸಿದಳು. ಹೊಸ ಪುಟಕ್ಕೆ ಮಧುಕರರ ಸಹಿ ಬಿದ್ದು, ಅದು ರೊಯ್ಸ್ಟನ್‌ನ ಕೈ ಸೇರುವವರೆಗೂ, ಕುರ್ಚಿ ಕೊಟ್ಟರೂ ಕೂರಲಿಲ್ಲ.